ಚುಕ್ಕಾಣಿಯ ಅರ್ಜಿ

೯ ನವೆಂಬರ್ ೧೯೫೩, ಸೋಮವಾರ

ಹೈಸ್ಕೂಲಿನವರಿಗೆ ತಲೆ ಕೆಟ್ಟಿದೆ. ಇಂದು ಮಗ ಸುಕುಮಾರ ಒಂದು ಕಾಗದ ತಂದುಕೊಟ್ಟ. ‘ದೋಣಿ ಪಂದ್ಯದಲ್ಲಿ ಭಾಗವಹಿಸುವ ವಿದ್ಯಾರ್ಥಿಗಳ ಪೋಷಕರಿಗೆ ಸೂಚನೆಗಳು’ ಎಂದು ತಲೆಬರಹ. ಪೋಷಕರು ಬೆಳಗ್ಗೆ ಏಳು ಗಂಟೆಗೆ ಶಿರಿಯಾ ಹೊಳೆಯ ದಂಡೆಯಲ್ಲಿ ಹಾಜರಿರಬೇಕಂತೆ. ಎರಡು ಜೊತೆ ಒಣಬಟ್ಟೆ, ಅಂಗೈಗೆ ಹಚ್ಚಲು ತೆಂಗಿನೆಣ್ಣೆ ತರಬೇಕಂತೆ. ಪಂದ್ಯ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂದು ಯಾರನ್ನೂ ಕೇಳಬಾರದಂತೆ! ಇಪ್ಪತ್ತೆರಡು ವರ್ಷದಿಂದ ರಿಜಿಸ್ಟ್ರಿ ಆಫೀಸಿನ ಜಗಲಿಯಲ್ಲಿ ಕುಳಿತು ದಸ್ತಾವೇಜು ಬರೆಯುತ್ತಿದ್ದೇನೆ. ಹಾಜರಾಗುವ ಗಂಟೆ ಇದ್ದು ಆರಂಭದ ಗಂಟೆ ಇಲ್ಲದ ನೋಟೀಸನ್ನು ಈವರೆಗೆ ಕಂಡಿರಲಿಲ್ಲ.

ಇನ್ನೂ ಕೇಳಿ. ಮಕ್ಕಳಿಗೆ ದೋಣಿ ಕಲಿಸುವವನು ಬಟ್ಯ. ನಮ್ಮ ಕಡವಿನ ದೋಣಿಯವನು, ದಿನಾ ನನ್ನನ್ನು ಆಫೀಸಿಗೆ ಆಚೆ ದಡಕ್ಕೆ ದಾಟಿಸುವವನು. ಎಂಟು ಮಂದಿ ಹುಟ್ಟು ಹಾಕುವವರು, ಒಬ್ಬ ಹಿಂದೆ ಕುಳಿತು ಚುಕ್ಕಾಣಿ ಹಿಡಿಯುವವನು. ಆ ಒಬ್ಬ ಯಾರು? ಬಟ್ಯನ ಮಗ ಉಗ್ಗಪ್ಪ. ನನ್ನ ಮಗ ಮೂರನೇ ಹಲಗೆಯಲ್ಲಿ ಬೆನ್ನು ಬಗ್ಗಿಸಿ ನೀರು ತೋಡುವುದು, ದೋಣಿಯವನ ಮಗ ಹಿಂದೆ ಕುಳಿತು ಅವನಿಗೆ ‘ಎಳಿ, ಎಳಿ’ ಎಂದು ಹುಕುಂ ಮಾಡುವುದು. ಸುಕುಮಾರನ ಅಂಗೈಯಲ್ಲಿ ಗೋಲಿಯಷ್ಟು ದೊಡ್ಡ ಬೊಕ್ಕೆ. ಪರಮೇಶ್ವರಿಗೆ ತೋರಿಸಿದರೆ, “ಅವನಿಗೇ ನೋವಿಲ್ಲ, ನಿಮಗೆ ಎಂತಕೆ?” ಎಂದಳು. ತಾಯಿ ಅಂತೆ!

೧೩ ನವೆಂಬರ್, ಶುಕ್ರವಾರ

ಇವತ್ತು ನಿಜವಾದ ಸಂಗತಿ ತಿಳಿಯಿತು. ಜನವರಿಯಲ್ಲಿ ಚಂದ್ರಗಿರಿ ಹೊಳೆಯಲ್ಲಿ ಕೊನೆಯ ಪಂದ್ಯ. ಅದರಲ್ಲಿ ಗೆದ್ದ ದೋಣಿಯ ಚುಕ್ಕಾಣಿ ಹಿಡಿದವನಿಗೆ ಬಂದರಿನ ಅಧಿಕಾರಿಯೊಬ್ಬರು ಲಾಂಚಿನಲ್ಲಿ ತರಬೇತಿಯ ಜಾಗ ಕೊಡುತ್ತಾರಂತೆ. ತರಬೇತಿ ಮುಗಿದರೆ ಸರಕಾರಿ ಕೆಲಸ, ಪಿಂಚಣಿ. ಹುಟ್ಟು ಹಾಕಿದ ಎಂಟು ಮಂದಿಗೆ? ಒಂದೊಂದು ಪದಕ.

ಪದಕ ಕಟ್ಟಿಕೊಂಡು ಎಂತ ಮಾಡುವುದು?

ರಾತ್ರಿ ಊಟಕ್ಕೆ ಮೊದಲೇ ಅರ್ಜಿ ಬರೆದು ಮುಗಿಸಿದೆ. ಹೆಡ್‌ಮಾಸ್ಟರ್ ಸುಬ್ಬರಾಯರ ಸನ್ನಿಧಾನಕ್ಕೆ, ಪೋಷಕರ ಪರವಾಗಿ. ಜಾತಿಯ ಮಾತು ಎಲ್ಲೂ ಇಲ್ಲ, ನಾನೇನು ದಡ್ಡನಲ್ಲ. ಇದು ವಿದ್ಯಾರ್ಥಿಗಳ ಪಂದ್ಯ, ಕಸುಬಿನವರದ್ದಲ್ಲ ಎಂಬುದೇ ವಾದ. ಮುಖ್ಯ ಕಲಮು ಹೀಗಿದೆ: ‘ದೋಣಿಯ ದುಡಿಮೆಯಿಂದ ಜೀವಿಸುವ ಕುಟುಂಬದ ಯಾವನೇ ವಿದ್ಯಾರ್ಥಿಯು, ಸದರಿ ದುಡಿಮೆಯು ತಂದೆಯದಾಗಿರಲಿ ಅಜ್ಜನದಾಗಿರಲಿ, ಈಗಿನದಾಗಿರಲಿ ಹಿಂದಿನದಾಗಿರಲಿ, ಪಂದ್ಯದ ಯಾವುದೇ ಘಟ್ಟದಲ್ಲಿ ಯಾವುದೇ ಕಾರಣದಿಂದ ಚುಕ್ಕಾಣಿಯನ್ನು ಮುಟ್ಟತಕ್ಕದ್ದಲ್ಲ.’ ಮೂರು ಸಲ ಓದಿದೆ. ಸೂಜಿ ತೂರುವಷ್ಟು ಸಂದಿಲ್ಲ. ಕಕ್ಷಿಗಾರರ ದಸ್ತಾವೇಜನ್ನೂ ನಾನು ಇಷ್ಟು ಮುತುವರ್ಜಿಯಿಂದ ಬರೆದದ್ದಿಲ್ಲ.

ನಾಳೆ ಆರು ಮಂದಿ ಪೋಷಕರ ಸಹಿ ಹಾಕಿಸಬೇಕು. ನಾನು ಹಾಕುವುದಿಲ್ಲ. ನನ್ನ ಸಹಿ ಬಿದ್ದರೆ ಸ್ವಾರ್ಥದ ವಾಸನೆ ಬರುತ್ತದೆ.

೧೭ ನವೆಂಬರ್, ಮಂಗಳವಾರ

ಅರ್ಜಿ ಮಂಜೂರು. ಚುಕ್ಕಾಣಿಗೆ ಸುಕುಮಾರ, ಮೂರನೇ ಹಲಗೆಗೆ ಉಗ್ಗಪ್ಪ. ನ್ಯಾಯ ಇನ್ನೂ ಸತ್ತಿಲ್ಲ.

ಹುಡುಗನ ಮುಖ ಮಾತ್ರ ಹುಳಿ ತಿಂದವನ ಹಾಗೆ. “ನನಗೆ ಹೊಳೆ ಗೊತ್ತಿಲ್ಲ ಅಪ್ಪ” ಎನ್ನುತ್ತಾನೆ. ಗೊತ್ತಿರಲಿಕ್ಕೆ ಎಂತ ಉಂಟು? ಮೇಲಿನಿಂದ ಕೆಳಗೆ ಹರಿಯುತ್ತದೆ. ಕಡವಿನಲ್ಲಿ ಬಟ್ಯ ಇವತ್ತು ಯಾವತ್ತಿನಂತೆ ಮಾತಾಡಲಿಲ್ಲ. ಮಗನ ಜಾಗ ಹೋದದ್ದಕ್ಕೆ ನನ್ನ ಮೇಲೆ ಮುನಿಸೋ ಏನೋ ಎಂದುಕೊಂಡೆ. ಅವನಿಗೆ ತಿಳಿಯುವುದಾದರೂ ಹೇಗೆ? ಓದು ಬರಹ ಇಲ್ಲದವನು.

೨೮ ನವೆಂಬರ್, ಶನಿವಾರ

ಮೈಯೆಲ್ಲ ಉರಿಯುತ್ತಿದೆ. ಆದದ್ದನ್ನೆಲ್ಲ ಕ್ರಮವಾಗಿ ಬರೆದಿಡುತ್ತೇನೆ. ಇನ್ನು ಮುಂದೆ ಯಾವ ತಂದೆತಾಯಿಯಾದರೂ ಮಕ್ಕಳ ದೋಣಿ ಪಂದ್ಯಕ್ಕೆ ಹೋಗುವುದಾದರೆ ಎಂತ ನಿರೀಕ್ಷೆ ಮಾಡಬೇಕೆಂದು ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಕಾಯುವುದು! ಅಷ್ಟೇ.

ಏಳಕ್ಕೆ ಹೋದೆವು. ನಾನು ಕಚ್ಚೆಪಂಚೆ, ಜರಿಯ ಶಾಲು, ಪರಮೇಶ್ವರಿ ಪಟ್ಟೆಸೀರೆ, ಕೈಯಲ್ಲಿ ಇಡ್ಲಿಯ ಬುತ್ತಿ. ಪೋಷಕರಿಗೆಂದು ಹಾಕಿದ ಬೆಂಚು ಕೆಸರಿನಲ್ಲಿ ಒಂದು ಗೇಣು ಇಳಿದಿತ್ತು. ಎಂಟಾಯಿತು, ಒಂಬತ್ತಾಯಿತು, ಮುಖ್ಯ ಅತಿಥಿಗಳ ಮೋಟಾರಿನ ಪತ್ತೆ ಇಲ್ಲ. ಮಕ್ಕಳು ದೋಣಿಯಲ್ಲೇ ಬಿಸಿಲಿಗೆ ಕುಳಿತಿದ್ದಾರೆ. ತರಬೇಕೆಂದಿದ್ದ ಒಣಬಟ್ಟೆ, ಎಣ್ಣೆ ಎರಡೂ ನಾವು ಮನೆಯಲ್ಲೇ ಬಿಟ್ಟಿದ್ದೆವು. ಕಾಗದದ ಮೇಲಿನ ಸಿಟ್ಟಿಗೆ ಬಿಟ್ಟದ್ದು ಎಂದರೂ ಸರಿ.

ನಮ್ಮ ಪಕ್ಕದಲ್ಲೇ ಒಂದು ಹೆಂಗಸು ಚಾಪೆ ಹಾಸಿ ಕುಳಿತಿದ್ದಳು. ಬಟ್ಯನ ಹೆಂಡತಿ ಅಕ್ಕು. ಮೈ ಒರೆಸುವ ಬೈರಾಸು ಒಂದು ರಾಶಿ, ಎಣ್ಣೆಯ ಕುಪ್ಪಿ, ಉಪ್ಪು ಹಾಕಿದ ಗಂಜಿಯ ಮಡಕೆ. ತನ್ನ ಮಗನಿಗೆ ಮಾತ್ರ ಅಲ್ಲ, ಒಂಬತ್ತು ಮಂದಿಗೂ! ಪರಮೇಶ್ವರಿ ಬಾಯಾರಿ ಬಳಲಿದ್ದನ್ನು ನೋಡಿ ಒಂದು ಎಳನೀರಿನ ಬೊಂಡ ಕೆತ್ತಿ ದೂರದಿಂದ ನೆಲದ ಮೇಲಿಟ್ಟಳು. “ಮುಟ್ಲಿಲ್ಲ ಅಮ್ಮ, ಕುಡೀರಿ” ಎಂದಳು. ಪರಮೇಶ್ವರಿ ಕುಡಿದಳು. ಇನ್ನೊಂದು ಬೇಕೆಂದು ತಾನೇ ಹೋಗಿ ಕೈಯಾರೆ ತೆಗೆದುಕೊಂಡು, ಅಲ್ಲೇ ಚಾಪೆಯ ಮೇಲೆ ಕುಳಿತುಬಿಟ್ಟಳು. ನಾನು ಬೆಂಚಿನ ಮೇಲೆ ಒಬ್ಬನೇ ಕೆಸರಿಗೆ ಇಳಿಯುತ್ತಾ ಇದ್ದೆ.

ಹತ್ತೂವರೆಗೆ ಅಕ್ಕು ಎದ್ದು ನಿಂತು ಹೊಳೆ ನೋಡಿದಳು. “ಇನ್ನು ದೋಣಿ ಬಿಡ್ಲಿಕ್ಕೆ ಆಗುದಿಲ್ಲ. ಇಳಿತ ಸುರು ಆಯ್ತು. ನಡುವಿನ ದಿಣ್ಣೆ ಮೇಲೆ ಬರ್ತದೆ.” ಬಟ್ಯ ಅದನ್ನೇ ಹೇಳಲು ಅತಿಥಿಗಳಿಗೆಂದು ಹಾಕಿದ ಚಪ್ಪರಕ್ಕೆ ಹೋದ. ಅಲ್ಲಿದ್ದ ಎದೆಗೆ ಹೂ ಸಿಕ್ಕಿಸಿಕೊಂಡ ಒಬ್ಬ ಮಹಾಶಯ, ‘ಅತಿಥಿಗಳು ಬರುವವರೆಗೆ ಹೊಳೆಗೆ ಕಾಯಲು ಹೇಳು’ ಎಂದು ನಗೆಯಾಡಿ ಅವನನ್ನು ಅಟ್ಟಿದ. ಸಮುದ್ರಕ್ಕೇ ಅಪ್ಪಣೆ ಕೊಡುವ ದೊಡ್ಡ ಮನುಷ್ಯ! ಹೊಳೆಯನ್ನು ನಲವತ್ತು ವರ್ಷದಿಂದ ಬಲ್ಲವನು ಒಂದು ಮಾತು ಹೇಳಿದರೆ ಕೇಳಿಸಿಕೊಳ್ಳುವ ಸೌಜನ್ಯ ಬೇಡವೇ?

ಹನ್ನೊಂದೂ ಕಾಲಿಗೆ ಅತಿಥಿಗಳು ಬಂದರು, ಭಾಷಣ ಮಾಡಿದರು, ಬಿಳಿ ಬಾವುಟ ಬೀಸಿದರು. ನಾಲ್ಕೂವರೆ ಗಂಟೆ ಕಾದು ನೋಡಲು ಸಿಕ್ಕಿದ್ದು ಐದು ನಿಮಿಷ. ಅದರಲ್ಲೂ ನಮ್ಮ ಮಗ ಯಾರೆಂದು ಗುರುತು ಸಿಗುವುದಿಲ್ಲ, ಎಲ್ಲ ಕಪ್ಪು ತಲೆಗಳೇ. ಸುಕುಮಾರ ನೇರ ಹೊಳೆಯ ನಡುವೆಯೇ ಹಿಡಿದ. ನಡುವೆ ನೀರು ಹೆಚ್ಚಿರುತ್ತದೆ ಎಂದು ಯಾರಾದರೂ ತಿಳಿಯುವುದೇ. ನಾನೂ ಹಾಗೇ ತಿಳಿದಿದ್ದೆ. ದೋಣಿ ಮರಳಿನ ದಿಣ್ಣೆಗೆ ಹತ್ತಿ ನಿಂತಿತು. ಒಬ್ಬ ಹುಡುಗ ನೀರಿಗೆ ಹಾರಿದ್ದು ಕಂಡಿತು. ಹೆಗಲು ಕೊಟ್ಟು ದೋಣಿಯನ್ನು ನೂಕಿ, ತೇಲಿದ ಮೇಲೆ ಅಂಚು ಹಿಡಿದು ಮೇಲೇರಿದ. ಉಗ್ಗಪ್ಪ. ನಾಲ್ಕು ದೋಣಿಗಳಲ್ಲಿ ಎರಡು ಅದೇ ದಿಣ್ಣೆಯಲ್ಲಿ ಕೂತೇ ಉಳಿದವು. ನಾವು ಎರಡನೆಯವರು. ಎರಡು ದೋಣಿಗಳಿಗೆ ಚಂದ್ರಗಿರಿಗೆ ಅವಕಾಶ.

ಅತಿಥಿಗಳು ಚುಕ್ಕಾಣಿಯವನ ಸಮಯಸ್ಫೂರ್ತಿಯನ್ನು ಹೊಗಳಿ ಸುಕುಮಾರನ ಕೊರಳಿಗೆ ಹಾರ ಹಾಕಿದರು. ಹುಡುಗ ಬಾಯಿ ತೆರೆದು ಏನೋ ಹೇಳಲು ಹೋದ, ಬ್ಯಾಂಡು ಬಾರಿಸಿಬಿಟ್ಟರು. ಅಕ್ಕು ದಡದಲ್ಲಿ ಮಗನ ಅಂಗಾಲಿನಿಂದ ಮರುವಾಯಿಯ ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಪರಮೇಶ್ವರಿ ದೀಪ ಹಿಡಿದ ಹಾಗೆ ತನ್ನ ಕೊಡೆಯನ್ನು ಅವರ ಮೇಲೆ ಹಿಡಿದಿದ್ದಳು.

ಅತಿಥಿಗಳ ಮೇಲೆ ಅರ್ಜಿ ಬರೆಯಬೇಕು.

೨೯ ನವೆಂಬರ್, ಭಾನುವಾರ

ಸುಕುಮಾರ ಹಾರವನ್ನು ಬಚ್ಚಲ ಒಲೆಗೆ ಹಾಕಿದ. ಬೈದೆ.

೧೦ ಡಿಸೆಂಬರ್, ಗುರುವಾರ

ಮೂರ್ಖರ ಸಂತೆ! ನಮ್ಮ ಶಾಲೆಯಲ್ಲಿ ಮಾಡಿದ ಏರ್ಪಾಡು ಪಂದ್ಯದ ಸಮಿತಿಗೆ ಬಹಳ ಮೆಚ್ಚುಗೆಯಾಯಿತಂತೆ. ಆ ಕಲಮನ್ನು ಒಂದಕ್ಷರ ಬದಲಿಸದೆ ಎಲ್ಲ ಶಾಲೆಗಳಿಗೂ ನಿಯಮ ಮಾಡಿ ಅಚ್ಚು ಹಾಕಿಸಿದ್ದಾರೆ. ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದ ಒಬ್ಬ ಹುಡುಗನೂ ಇನ್ನು ಚುಕ್ಕಾಣಿ ಮುಟ್ಟುವ ಹಾಗಿಲ್ಲ. ಹಾಗಾದರೆ ಹಿಡಿಯುವವರು ಯಾರು? ಬಚ್ಚಲಿನಲ್ಲಿ ಮಾತ್ರ ನೀರು ನೋಡಿದವರೇ?

ಈಗ ಸಂಜೆ ಸಂಜೆ ಅಭ್ಯಾಸ ನೋಡಲು ಕಡವಿನಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಭ್ಯಾಸಕ್ಕೆ ನಿಯಮ ಅನ್ವಯಿಸುವುದಿಲ್ಲವಲ್ಲ, ಆಗ ಉಗ್ಗಪ್ಪ ಚುಕ್ಕಾಣಿ ಹಿಡಿದು ಸುಕುಮಾರನಿಗೆ ಕಲಿಸುತ್ತಾನೆ. ಇಳಿತ ಎಲ್ಲಿ ಎಳೆಯುತ್ತದೆ, ನೀರಿನ ಮೇಲೆ ನಿರಿಗೆ ಬಂದರೆ ಕೆಳಗೆ ಎಂತ ಉಂಟು ಎಂದೆಲ್ಲ. ಅವನು ಕುಳಿತಾಗ ದೋಣಿ ಗೆರೆ ಎಳೆದ ಹಾಗೆ ಹೋಗುತ್ತದೆ. ನನ್ನ ಮಗ ಕುಳಿತರೆ ಹೊಸ ಮದುಮಗಳು ದೇವಸ್ಥಾನಕ್ಕೆ ಸುತ್ತು ಬಂದ ಹಾಗೆ, ತಡೆದು ತಡೆದು. ಇದರಲ್ಲಿ ಅವಮಾನ ಎಂತದ್ದು? ಕಂಡದ್ದನ್ನು ಬರೆದೆ.

ಬಟ್ಯನನ್ನು ಕೇಳಿದೆ, “ಬಂದರಿನ ಆ ಜಾಗ ಉಗ್ಗಪ್ಪನಿಗೆ ಬೇಕಿತ್ತಾ?”

“ಬೇಕಿತ್ತು ಭಟ್ರೇ” ಎಂದ. “ಮೇಲೆ ಎಲ್ಲಿಯೋ ಸೇತು ಕಟ್ತಾರಂತೆ. ಕಟ್ಟಿದ ಮೇಲೆ ಕಡವು ಎಂತಕ್ಕೆ? ಇವನಿಗೆ ನೀರು ಬಿಟ್ರೆ ಬೇರೆ ಗೊತ್ತಿಲ್ಲ. ಲಾಂಚಿನ ಮೇಲೆ ಒಮ್ಮೆ ಹತ್ತಿದ್ರೆ ಸಾಕು ಅಂತ ಅವನ ಅಮ್ಮ ದೈವಕ್ಕೆ ಹೇಳಿಕೊಂಡಿದ್ಲು.”

ಇದನ್ನು ಮೊದಲೇ ಹೇಳಬಾರದಿತ್ತೇ ಈ ಮನುಷ್ಯ?

೧೪ ಡಿಸೆಂಬರ್, ಸೋಮವಾರ

ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೆಡ್‌ಮಾಸ್ಟರ್ ಸುಬ್ಬರಾಯರಲ್ಲಿಗೆ ಹೋದೆ. ಪೋಷಕನಾಗಿ ನನ್ನ ಅಭಿಪ್ರಾಯದಲ್ಲಿ ಚುಕ್ಕಾಣಿಗೆ ಉಗ್ಗಪ್ಪನೇ ತಕ್ಕವನು, ನನ್ನ ಮಗ ಹಲಗೆಗೆ ಹೋಗಲು ತಯಾರಿದ್ದಾನೆ, ನಿಯಮ ಸಡಿಲಿಸಬೇಕು ಎಂದೆ.

ಅವರು ಮೇಜಿನ ಸೆಳೆಖಾನೆಯಿಂದ ಒಂದು ಕಾಗದ ತೆಗೆದು ಕನ್ನಡಕ ಏರಿಸಿಕೊಂಡು ಓದಲು ತೊಡಗಿದರು. “‘ಪಂದ್ಯದ ಯಾವುದೇ ಘಟ್ಟದಲ್ಲಿ, ಯಾವುದೇ ಕಾರಣದಿಂದ.’ ಎಂತ ಸಡಿಲಿಸುವುದು ಭಟ್ರೇ? ಯಾರು ಬರೆದದ್ದೋ, ಬೆರಳು ಹಾಕಲಿಕ್ಕೆ ಜಾಗ ಬಿಟ್ಟಿಲ್ಲ. ಒಳ್ಳೆ ಕೈ.”

“ಬರೆದವನು ಕತ್ತೆ!” ಎಂದೆ ನಾನು. ಬಾಯಿ ತಪ್ಪಿ ಅಲ್ಲ, ಸಿಟ್ಟಿನಿಂದಲೇ.

ಅವರು ನಕ್ಕು ಕಾಗದವನ್ನು ಒಳಗಿಟ್ಟರು. ಆ ನಗೆ ನನಗೆ ಸರಿಕಾಣಲಿಲ್ಲ.

೨೧ ಡಿಸೆಂಬರ್, ಸೋಮವಾರ

ಒಂದು ವಾರದಿಂದ ಕಲಮಿನಲ್ಲಿ ತೂತು ಹುಡುಕುತ್ತಿದ್ದೇನೆ. ‘ದೋಣಿಯ ದುಡಿಮೆ’ ಎಂದರೆ ಕಡವು ಸೇರುವುದಿಲ್ಲ ಎನ್ನಬಹುದೇ? ಸೇರುತ್ತದೆ. ‘ಕುಟುಂಬ’ ಎಂದರೆ? ಅಜ್ಜನವರೆಗೆ ನಾನೇ ಕಟ್ಟಿ ಹಾಕಿದ್ದೇನೆ. ‘ಮುಟ್ಟತಕ್ಕದ್ದಲ್ಲ’ ಎನ್ನುವಲ್ಲಿ ‘ಹಿಡಿಯತಕ್ಕದ್ದಲ್ಲ’ ಎಂದಿದ್ದರೂ ಸಾಕಿತ್ತು, ಎರಡು ಬೆರಳಿನಿಂದ ಒತ್ತಿದರೆ ಹಿಡಿದದ್ದಲ್ಲ ಎಂದು ವಾದಿಸಬಹುದಿತ್ತು. ಆ ದಿನ ‘ಹಿಡಿ’ ಎಂದು ಬರೆದು, ಹೊಡೆದು ಹಾಕಿ, ‘ಮುಟ್ಟು’ ಎಂದು ಮಾಡಿದವನೂ ನಾನೇ. ಇಷ್ಟು ವರ್ಷದ ಅನುಭವ ಇದ್ದೂ, ಬೇಕಾಗಿರುವಾಗ ಒಂದು ಅಪ್ರಯೋಜಕ ಕಲಮು ಬರೆಯಲಿಕ್ಕೆ ಆಗಲಿಲ್ಲವಲ್ಲ ನನಗೆ!

ಸಮಿತಿಗೆ ಎರಡು ಕಾಗದ ಹಾಕಿದೆ. ಉತ್ತರವಿಲ್ಲ. ದಸ್ತಾವೇಜು ಮಾಡಿಸಲು ಬಂದವರ ಮೇಲೆ ರೇಗುತ್ತಿದ್ದೇನಂತೆ. ಜಗಲಿಯವರೆಲ್ಲ ಹೇಳುತ್ತಾರೆ.

೯ ಜನವರಿ ೧೯೫೪, ಶನಿವಾರ

ಚಂದ್ರಗಿರಿಯಿಂದ ಬಂದು ಕೈಕಾಲು ತೊಳೆದು ಕುಳಿತಿದ್ದೇನೆ.

ಕುಂಬಳೆಯಿಂದ ರೈಲಿನಲ್ಲಿ ಹೋದೆವು. ಈ ಸಲ ನಾವೂ ಬೈರಾಸು, ಎಣ್ಣೆ ಎಲ್ಲ ಹಿಡಿದಿದ್ದೆವು. ಪರಮೇಶ್ವರಿ ಒಂಬತ್ತು ಮಂದಿಗೂ ಆಗುವಷ್ಟು ಅವಲಕ್ಕಿ ಕಟ್ಟಿದ್ದಳು. ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆಂಚಿನ ಕಡೆ ಹೋಗದೆ ಅಕ್ಕುವಿನ ಚಾಪೆಯ ಪಕ್ಕದಲ್ಲೇ ನಿಂತೆವು. ಬಂದರಿನ ಅಧಿಕಾರಿ ಲಾಂಚಿನಲ್ಲಿ ದುರ್ಬೀನು ಹಿಡಿದು ನಿಂತಿದ್ದರು.

ಆರು ದೋಣಿ. ಅರ್ಧ ದಾರಿಯವರೆಗೆ ನಾವು ನಾಲ್ಕನೆಯವರು. ರೈಲು ಸೇತುವೆಯ ಕಂಬಗಳ ಹತ್ತಿರ ನೀರು ಸುತ್ತುತ್ತದೆ, ಅಲ್ಲಿ ಎಲ್ಲ ದೋಣಿಗಳೂ ಅಡ್ಡಾದವು. ಆಗ ನಮ್ಮ ದೋಣಿಯಲ್ಲಿ ಒಬ್ಬ ಎದ್ದು ನಿಂತ. ಸುಕುಮಾರ. ಬಗ್ಗಿಕೊಂಡು ಮುಂದೆ ಬಂದು ಮೂರನೇ ಹಲಗೆಯಲ್ಲಿ ಕುಳಿತು ಹುಟ್ಟು ತೆಗೆದುಕೊಂಡ. ಉಗ್ಗಪ್ಪ ಹಿಂದೆ ಹೋಗಿ ಚುಕ್ಕಾಣಿ ಹಿಡಿದ. ಸಾವಿರ ಜನರ ಎದುರು, ಹಾಡುಹಗಲಿನಲ್ಲಿ!

ಆಮೇಲಿನದ್ದು ಬರೆಯಲು ನನಗೆ ಬರುವುದಿಲ್ಲ. ಎರಡು ಕಂಬಗಳ ನಡುವೆ ಆ ದೋಣಿ ತೂರಿ ಬಂದದ್ದನ್ನು ನೋಡಬೇಕಿತ್ತು. ನಾನು ಶಾಲು ಬೀಸುತ್ತ ಮೊಣಕಾಲಿನವರೆಗೆ ನೀರಿನಲ್ಲಿದ್ದೆನಂತೆ. ‘ಎಳಿ, ಎಳಿ’ ಎಂದು ಕೂಗುತ್ತಿದ್ದೆನಂತೆ. ನನ್ನ ಪಕ್ಕದಲ್ಲಿ ಬಟ್ಯಣ್ಣ ತುಳುವಿನಲ್ಲಿ ಏನೇನೋ ಕೂಗುತ್ತಿದ್ದರು, ನನ್ನ ರಟ್ಟೆ ಹಿಡಿದುಕೊಂಡು. ಒಂದು ದೋಣಿಯ ಉದ್ದ ಮುಂದೆ ಬಂದು ಗೆದ್ದೆವು.

ಗೆದ್ದೆವೇ? ಸಮಿತಿಯವರು ಧ್ವನಿವರ್ಧಕ ಹಿಡಿದು ಹೇಳಿದರು: ನಿಯಮದ ಉಲ್ಲಂಘನೆಯಾಗಿದೆ, ದೋಣಿ ಅನರ್ಹ. ಯಾವ ನಿಯಮವೆಂದು ಜನ ಗಲಾಟೆ ಮಾಡಿದರು. ಓದಿದರು. ‘ದೋಣಿಯ ದುಡಿಮೆಯಿಂದ ಜೀವಿಸುವ ಕುಟುಂಬದ ಯಾವನೇ ವಿದ್ಯಾರ್ಥಿಯು…’ ಎಂದು ಪೂರ್ತಿ, ನಿಧಾನವಾಗಿ, ಎರಡು ದಂಡೆಗೂ ಕೇಳುವ ಹಾಗೆ. ಈಗಿನದಾಗಿರಲಿ ಹಿಂದಿನದಾಗಿರಲಿ. ಯಾವುದೇ ಘಟ್ಟದಲ್ಲಿ ಯಾವುದೇ ಕಾರಣದಿಂದ. ನನ್ನ ಹಿಂದೆ ನಿಂತಿದ್ದ ಒಬ್ಬ ವಕೀಲರು “ಚಂದ ಬರೆದಿದ್ದಾರೆ” ಎಂದರು. ಅವರ ಕಪಾಳಕ್ಕೆ ಬಿಡಬೇಕೆನಿಸಿತು.

ಅಕ್ಕು ಬೈರಾಸುಗಳನ್ನು ಮಡಚತೊಡಗಿದರು. ಗೆದ್ದವರಿಗೆಂದು ಇಟ್ಟ ಬೆಳ್ಳಿಯ ಕಪ್ಪು ಎರಡನೆಯ ದೋಣಿಗೆ ಹೋಯಿತು. ಆ ಶಾಲೆಯ ಚುಕ್ಕಾಣಿಯ ಹುಡುಗನನ್ನು ಅಧಿಕಾರಿಗಳು ಅಲ್ಲೇ ಲಾಂಚಿಗೆ ಹತ್ತಿಸಿಕೊಂಡರು. ಉಗ್ಗಪ್ಪ ದಡದಲ್ಲಿ ನಿಂತು ಆ ಲಾಂಚನ್ನೇ ನೋಡುತ್ತಿದ್ದ. ತಿರುವಿನಲ್ಲಿ ಅದು ಮರೆಯಾಗುವವರೆಗೂ ನೋಡಿದ.

೧೧ ಜನವರಿ, ಸೋಮವಾರ

ನಿನ್ನೆ ಇಡೀ ದಿನ ಕುಳಿತು ಅಪೀಲು ಬರೆದೆ. ನಾಲ್ಕು ಪುಟ. ಬಂದರಿನ ಅಧಿಕಾರಿಗೆ, ಸಮಿತಿಗೆ, ಮದರಾಸಿನ ಮಂತ್ರಿಗಳಿಗೆ ಒಂದೊಂದು ನಕಲು. ಕೆಳಗೆ ಈ ಸಲ ನನ್ನ ಸಹಿ ಹಾಕಿದೆ. ಬಟ್ಯಣ್ಣನ ಹೆಬ್ಬೆಟ್ಟು ಒಂದು ಬೇಕಿತ್ತು. ಬೆಳಗ್ಗೆ ಕಡವಿನಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಕಾಗದ ಬಿಡಿಸಿ ಹಿಡಿದೆ.

ಅವರು ದೋಣಿ ನೂಕುವ ಜಲ್ಲೆ ಊರಿಕೊಂಡು ಕಾಗದವನ್ನು ಸ್ವಲ್ಪ ಹೊತ್ತು ನೋಡಿದರು. “ಬೇಡ ಭಟ್ರೇ. ನೀವು ಬರೆದದ್ದು ಸಾಕು.”

“ಎಂದರೆ?”

“ನನಗೆ ಓದ್ಲಿಕ್ಕೆ ಬರುದಿಲ್ಲ. ಆದ್ರೆ ಈ ಬಾಲ ಉದ್ದದ ಅಕ್ಷರ ನನ್ನ ಮನೆ ಪೆಟ್ಟಿಗೆಯಲ್ಲಿ ಉಂಟು. ಮನೆ ಅಡಿಯ ಜಾಗದ ಚೀಟಿ ನೀವೇ ಬರೆದದ್ದಲ್ವಾ? ಉಗ್ಗಪ್ಪನ ಜಾಗ ತೆಗೆದ ದಿವಸ ಹೆಡ್‌ಮಾಸ್ಟ್ರು ನನ್ನನ್ನು ಕರೆದು ಆ ಅರ್ಜಿ ಓದಿ ಹೇಳಿದ್ರು. ಮೇಜಿನ ಮೇಲೆ ಇಟ್ಟಿದ್ರು. ಆಗ್ಲೇ ಗೊತ್ತಾಯ್ತು.”

“ನವೆಂಬರಿನಿಂದ ಗೊತ್ತುಂಟಾ? ಗೊತ್ತಿದ್ದೂ ದಿನಾ ನನ್ನನ್ನು ದಾಟಿಸಿದಿರಾ?”

“ದಾಟಿಸದೆ? ಕಡವಿಗೆ ಬಂದವರನ್ನು ಬಿಟ್ಟು ಹೋಗ್ಲಿಕ್ಕೆ ಆಗ್ತದಾ? ಕುಳಿತುಕೊಳ್ಳಿ, ನಿಮಗೆ ಆಫೀಸಿಗೆ ತಡ ಆಗ್ತದೆ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊಳೆಯ ನಡುವೆ ಒಂದು ಸಲ ದೋಣಿ ಅಲುಗಾಡಿಸಿ ‘ಭಟ್ರೇ, ನೀವು ಮಾಡಿದ್ದು ಹಲ್ಕಟ್ ಕೆಲಸ’ ಎನ್ನಬಾರದಿತ್ತೇ ಈ ಮನುಷ್ಯ? ಆಗಲೇ ಅಂದಿದ್ದರೆ ನಿಯಮ ಅಚ್ಚಾಗುವ ಮೊದಲೇ ಹಿಂದೆ ತೆಗೆಸುತ್ತಿದ್ದೆ. ತೆಗೆಸುತ್ತಿದ್ದೆನೇ? ತೆಗೆಸುತ್ತಿದ್ದೆ ಎಂದೇ ಬರೆಯುತ್ತೇನೆ.

ಸಂಜೆ ಮನೆಗೆ ಬಂದು ಸುಕುಮಾರನನ್ನು ಕೂರಿಸಿ ಹೇಳಿದೆ. ಆ ಕಲಮು ಬರೆದವನು ನಾನು, ನಿನಗಾಗಿ ಬರೆದದ್ದು ಎಂದೆ. ಅವನು ಅಂಗೈಯ ಒಣಗಿದ ಬೊಕ್ಕೆ ಸುಲಿಯುತ್ತ, “ಗೊತ್ತುಂಟು ಅಪ್ಪ” ಎಂದ. “ಚಂದ್ರಗಿರಿಗೆ ಹೋಗುವ ಮೊದಲೇ ಗೊತ್ತಿತ್ತು. ಅದಕ್ಕೇ ಎದ್ದು ಕೊಟ್ಟದ್ದು.”

ಅಡುಗೆಮನೆಯ ಕಡೆ ತಿರುಗಿದೆ. ಪರಮೇಶ್ವರಿ ಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಅವಳಿಗೂ ಗೊತ್ತಿತ್ತು. ಅಕ್ಕುವಿನ ಚಾಪೆಯ ಮೇಲೆ ಕುಳಿತ ದಿನ ಗೊತ್ತಾದದ್ದಂತೆ.

ಹೆಡ್‌ಮಾಸ್ಟರಿಗೆ ಗೊತ್ತು, ಹೆಂಡತಿಗೆ ಗೊತ್ತು, ಮಗನಿಗೆ ಗೊತ್ತು, ಕಡವಿಗೇ ಗೊತ್ತು. ಎರಡು ತಿಂಗಳು ಎಲ್ಲರೂ ನನಗೆ ಅನ್ನ ಬಡಿಸಿದರು, ದೋಣಿಯಲ್ಲಿ ಜಾಗ ಕೊಟ್ಟರು, ಚಾಪೆಯ ಪಕ್ಕ ನಿಲ್ಲಲು ಬಿಟ್ಟರು. ಒಬ್ಬರೂ ಒಂದು ಮಾತು ಬೈಯಲಿಲ್ಲ. ಇದೆಂಥ ಅನ್ಯಾಯ! ಇದರ ಮೇಲೆ ನಾನು ಯಾರಿಗೆ ಅರ್ಜಿ ಬರೆಯಲಿ?